ಹಳೆಯ ಕೈಮರ ಮತ್ತು ನಮ್ಮ ಹಂಬಲ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೂ ಮೀರಜ್ ರೈಲು ದಾರಿಗೂ ಇರುವ ನಂಟು ಹಳೆಯದು. 1970ರ ದಶಕದ ಆರಂಭದಲ್ಲಿ ಪುಣೆ–ಮೀರಜ್ ಹಳಿ ಬ್ರಾಡ್ ಗೇಜ್ ಆದ ಮೇಲೂ ಅಲ್ಲಿಂದ ಬೆಳಗಾವಿಯ ಕಡೆಗೆ ಬಹುಕಾಲ ಮೀಟರ್ ಗೇಜೇ ಉಳಿದಿತ್ತು. ಊರಿಗೆ ಹೊರಟವರು ಮೀರಜಿನಲ್ಲಿ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತಬೇಕಾಗಿತ್ತು. ಜೇಜೂರಿ, ನೀರಾ ದಾಟುವಾಗ ಕಿಟಕಿಯಾಚೆ ಕಾಣುತ್ತಿದ್ದ ಕೆಂಪು ಕೈಮರ, ಗೇಟಿನ ಬಳಿ ಹಸಿರು ಬಾವುಟ ಹಿಡಿದು ನಿಂತ ಮನುಷ್ಯ, ಇವು ನಮ್ಮಲ್ಲಿ ಅನೇಕರ ನೆನಪಿನಲ್ಲಿ ಊರಿನ ದಾರಿಯ ಗುರುತುಗಳಾಗಿ ಉಳಿದಿವೆ.

ನನ್ನ ಮಿತ್ರರೊಬ್ಬರಿಗೆ ಇವುಗಳನ್ನು ಹುಡುಕುವುದೇ ಹವ್ಯಾಸ. ಹಲವು ವರ್ಷಗಳ ಭಾನುವಾರಗಳನ್ನು ಅವರು ಹಳೆಯ ಗೇಟು, ಕೈಮರ, ಸೀಮೆಎಣ್ಣೆಯ ದೀಪ, ಗೇಟು ಬರಲಿದೆ, ಸಿಳ್ಳೆ ಹಾಕು ಎಂದು ಚಾಲಕನಿಗೆ ತಿಳಿಸುವ ‘ಸೀ/ಫಾ’ ಹಲಗೆ ಇವುಗಳ ಚಿತ್ರ ತೆಗೆಯುವುದರಲ್ಲಿ ಕಳೆದಿದ್ದಾರೆ. ಈಗ ಆ ದಾರಿಯಲ್ಲಿ ಜೋಡಿಹಳಿ ಬಂದಿದೆ, ವಿದ್ಯುತ್ ತಂತಿ ಬಂದಿದೆ. ತಾವು ಬಹಳವಾಗಿ ಮೆಚ್ಚಿದ್ದ ಗೇಟೊಂದನ್ನು ಮುಚ್ಚಿ ಕೆಳಸೇತುವೆ ಕಟ್ಟಿದ ಸುದ್ದಿಯನ್ನು ಅವರು ನನಗೆ ಹೇಳಿದಾಗ ಮನೆಯಲ್ಲಿ ಸಾವಾದವರ ಹಾಗೆ ಮಾತಾಡಿದರು. ನಾನೂ ಮರುಗಿದೆ. ಆದರೆ ಅನಂತರ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹತ್ತು ಜನರಿಗೆ ಒಳಿತಾದ ಬದಲಾವಣೆಗಾಗಿ ನಾವು ದುಃಖಿಸುವುದು ಸರಿಯೇ?

ಕೆಲವು ದಿನಗಳ ಮೇಲೆ ನಿವೃತ್ತ ಗೇಟ್‌ಮನ್ ಒಬ್ಬರು ನಮಗೆ ಭೇಟಿಯಾದರು. ಜತ್ತದ ಕಡೆಯವರು, ಮನೆಮಾತು ಕನ್ನಡ. ಅವರು ಕಾಯುತ್ತಿದ್ದುದು ಸಿಗ್ನಲ್ಲಿಗೆ ಜೋಡಿಸದ ಗೇಟು. ಸ್ಟೇಷನ್ನಿನಿಂದ ಟೆಲಿಫೋನು ಬಂದಾಗ ಮುಚ್ಚಬೇಕು, ಗಾಡಿ ಹೋದ ಮೇಲೆ ತೆರೆಯಬೇಕು. ಮಿತ್ರರು ಉತ್ಸಾಹದಿಂದ ತಮ್ಮ ಆಲ್ಬಮ್ ತೋರಿಸಿದರು. ಆತ ಒಂದೊಂದೇ ಚಿತ್ರ ನೋಡಿ, “ನಿಮಗಿದು ಚೆಂದ ಕಾಣತೈತ್ರಿ ಸಾಹೇಬ್ರ. ಮುಚ್ಚಿದ್ರ ಲಾರಿಯವ್ರು ಬೈತಿದ್ರು, ತೆರೆದ್ರ ನನ್ನ ಎದಿ ಹೊಡಕೋತಿತ್ತು. ಗೇಟು ಹಾಕೀನೋ ಇಲ್ಲೋ ಅಂತ ಈಗ್ಲೂ ನಿದ್ದಿಯೊಳಗ ಎದ್ದು ಕುಂದರ್ತೀನ್ರಿ” ಎಂದರು. ಮಿತ್ರರು ಆಲ್ಬಮ್ ಮುಚ್ಚಿದರು.

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಕಾಲದ ದೂರಕ್ಕೂ ಸಲ್ಲುತ್ತದೆ. ಕಿಟಕಿಯೊಳಗೆ ಕುಳಿತ ನಮಗೆ ಗೇಟು ಒಂದು ಚಿತ್ರ. ಅದರ ಬಳಿ ನಿಂತವನಿಗೆ ಅದು ಇರುಳಿಡೀ ಹೊರುವ ಭಾರ. ಕಾಯುವವರೇ ಇಲ್ಲದ ಗೇಟುಗಳ ಕಥೆಯಂತೂ ಇನ್ನೂ ದಾರುಣ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ, ಐದು ವರ್ಷಗಳಲ್ಲಿ ಲೆವೆಲ್ ಕ್ರಾಸಿಂಗುಗಳನ್ನೆಲ್ಲ ತೆಗೆದುಹಾಕಬೇಕೆಂದು ಸಲಹೆ ಮಾಡಿತು. ಎಲ್ಲವೂ ಹೋಗದಿದ್ದರೂ, ಬ್ರಾಡ್ ಗೇಜ್ ದಾರಿಗಳಲ್ಲಿದ್ದ ಕಾವಲಿಲ್ಲದ ಗೇಟುಗಳು 2019ರ ಜನವರಿಯ ಹೊತ್ತಿಗೆ ಇಲ್ಲವಾದವು. ಇದಕ್ಕಾಗಿ ಸಂತೋಷಪಡದವನ ಹಳೆಯದರ ಪ್ರೀತಿಯಲ್ಲಿ ಏನೋ ಕೊರತೆಯಿದೆ ಎನ್ನಬೇಕು.

ಹಾಗಾದರೆ ಹಳೆಯದನ್ನೆಲ್ಲ ಗುಜರಿಗೆ ಹಾಕಿ ಮರೆತುಬಿಡೋಣವೇ? ಅದೂ ತಪ್ಪೆಂದೇ ನನ್ನ ಅಭಿಪ್ರಾಯ. ಆ ಕೈಮರವನ್ನೇ ನೋಡಿರಿ. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಕಟ್ಟಿಕೊಂಡು ಸಿಗ್ನಲ್ಲಿನ ಕೈ ಮೇಲೇಳಲಿಲ್ಲ. ‘ನಿಲ್ಲು’ ಎನ್ನಬೇಕಾದದ್ದು ‘ಹೋಗು’ ಎಂದೇ ತೋರಿತು. ಗಾಡಿಗಳು ಡಿಕ್ಕಿ ಹೊಡೆದು ಜನ ಸತ್ತರು. ಸಿಗ್ನಲ್ಲು ಕೆಡುವುದಾದರೆ ‘ನಿಲ್ಲು’ ಎನ್ನುವ ಕಡೆಗೇ ಕೆಡಬೇಕು ಎಂಬ ಪಾಠ ಅಂಥ ದುರಂತಗಳಿಂದ ಗಟ್ಟಿಯಾಯಿತು. ಮುಂದೆ ಬಂದ, ಮೇಲಕ್ಕೆ ಏಳುವ ಕೈಮರದಲ್ಲಿ ತಂತಿ ಕಡಿದರೆ ಕೈ ತನ್ನ ಭಾರಕ್ಕೆ ತಾನೇ ಅಡ್ಡಲಾಗಿ ಬಿದ್ದು ಗಾಡಿಯನ್ನು ತಡೆಯುತ್ತದೆ. ಸಿಗ್ನಲ್ಲಿಗೆ ಜೋಡಿಸಿದ ಗೇಟಿನಲ್ಲಿ, ಗೇಟು ಮುಚ್ಚಿ ಬೀಗ ಬೀಳುವ ತನಕ ಗಾಡಿಗೆ ದಾರಿ ಕೊಡಲು ಬರುವುದಿಲ್ಲ. ಒಬ್ಬ ದಣಿದ ಮನುಷ್ಯನ ಭಾರವನ್ನು ಕಬ್ಬಿಣವೂ ಅಷ್ಟಿಷ್ಟು ಹೊರುವಂತೆ ಮಾಡಿದ ಬುದ್ಧಿ ಅದು. ಇಂಥ ವಸ್ತುವನ್ನು ಬರಿಯ ತೂಕಕ್ಕೆ ಮಾರುವವನು ಅದರೊಳಗಿನ ಪಾಠವನ್ನೂ ಮಾರುತ್ತಾನೆ.

ಆದ್ದರಿಂದ ಹಂಬಲಕ್ಕೆ ಒಂದು ಒರೆಗಲ್ಲು ಇರಬೇಕು. ‘ಇದು ಹೀಗೆಯೇ ಉಳಿಯಲಿ’ ಎಂದು ಬಯಸುವ ಮೊದಲು, ‘ಇದಕ್ಕಾಗಿ ನಾನು ಒಂದು ಮಳೆಗಾಲದ ರಾತ್ರಿ ಗೇಟಿನ ಗುಡಿಸಲಲ್ಲಿ ಕೂಡಲು ಸಿದ್ಧನೇ?’ ಎಂದು ಕೇಳಿಕೊಳ್ಳಬೇಕು. ಸಿದ್ಧನಲ್ಲದಿದ್ದರೆ ಆ ವಸ್ತುವಿಗೆ ತಕ್ಕ ಸ್ಥಳ ವಸ್ತುಸಂಗ್ರಹಾಲಯ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಿಗ್ನಲ್ಲುಗಳಿವೆ. ನಮ್ಮ ಕೋಥರೂಡಿನಲ್ಲೇ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಮಕ್ಕಳನ್ನು ಕರೆಯುತ್ತಿದೆ. ಅಲ್ಲಿ ಸಿಗ್ನಲ್ಲು ನೋಡಿ ನಲಿಯುವುದರಿಂದ ಯಾರ ನಿದ್ರೆಯೂ ಕೆಡುವುದಿಲ್ಲ.

ಮಿತ್ರರು ಹವ್ಯಾಸ ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳಲಿಲ್ಲ. ಆದರೆ ಈಗ ಅವರು ಗೇಟಿನ ಚಿತ್ರದ ಕೆಳಗೆ, ಅಲ್ಲಿ ದುಡಿದವರು ಸಿಕ್ಕರೆ ಅವರ ಮಾತನ್ನೂ ಬರೆದಿಡುತ್ತಾರೆ. ಮೊದಲ ಪುಟದಲ್ಲಿ ಜತ್ತದ ಆ ಹಿರಿಯರ ಮಾತಿದೆ.