ಮೊದಲ ಸಲ ಕೇಳುವ ಕಿವಿ

ಅಡಿಗೆಮನೆಯಿಂದ ದಿನಕ್ಕೊಮ್ಮೆಯಾದರೂ ಒಂದು ಮಾತು ಕೇಳಿಬರುತ್ತದೆ: "ಸ್ವಲ್ಪ ಉಪ್ಪು ನೋಡು." ಸಾರು ಕುದಿಸಿದವಳಿಗೆ ಉಪ್ಪಿನ ಅಳತೆ ತಿಳಿಯದೆಂದಲ್ಲ. ಗಂಟೆಹೊತ್ತು ಒಲೆಯ ಮುಂದೆ ನಿಂತು, ನಾಲ್ಕು ಸಲ ಅಂಗೈಗೆ ಹಾಕಿಕೊಂಡು ನೋಡಿದ ಮೇಲೆ ಅವಳ ನಾಲಗೆ ಆ ಸಾರಿಗೆ ಒಗ್ಗಿಬಿಟ್ಟಿರುತ್ತದೆ. ಆಗ ಹೊರಗಿನಿಂದ ಬಂದವನ ನಾಲಗೆ ಬೇಕು. ಅವಳು ಬಯಸುವುದು ಅವನ ಪಾಕಶಾಸ್ತ್ರದ ಪಾಂಡಿತ್ಯವನ್ನಲ್ಲ. ಆ ನಾಲಗೆ ಇನ್ನೂ ಈ ಸಾರನ್ನು ಕಂಡಿಲ್ಲ ಎಂಬ ಒಂದೇ ಒಂದು ಗುಣವನ್ನು.

ಇದು ನಮಗೆ ಹೊಸ ತಿಳಿವಳಿಕೆಯೇನೂ ಅಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿಯೇ ಈ ವಿಚಾರ ಬಂದಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಕಬ್ಬ ಬರೆದವನು ತನ್ನ ದೋಷವನ್ನು ಕಾಣಲಾರ ಎಂಬುದು ಅದರ ಅಭಿಪ್ರಾಯ. ಕಾಡಿಗೆ ದೂರದಲ್ಲಿಲ್ಲ, ಕಣ್ಣಿಗೇ ಅಂಟಿಕೊಂಡಿದೆ. ಅಷ್ಟು ಹತ್ತಿರವಿರುವುದರಿಂದಲೇ ಕಾಣುವುದಿಲ್ಲ.

ಈ ಹಳೆಯ ಮಾತು ನನಗೆ ನೆನಪಾದುದು ಬೆಳಗಾವಿ ಜಿಲ್ಲೆಯ ಕಲ್ಲೋಳಿಯಲ್ಲಿ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಊರು. ಮಾರುತಿಯ ಗುಡಿಗೆ ಹೆಸರಾದದ್ದು. ಸುತ್ತ ಕಬ್ಬಿನ ಸೀಮೆ. ಅಲ್ಲಿ ಪರಿಚಯದವರ ಮನೆಯ ಹುಡುಗನೊಬ್ಬ ಹಿಂದಿನ ಕೋಣೆಯಲ್ಲಿ ಗಿಟಾರು, ಲ್ಯಾಪ್‌ಟಾಪು ಇಟ್ಟುಕೊಂಡು ಒಂದು ಮೆಟಲ್ ಹಾಡನ್ನು ಸಿದ್ಧಪಡಿಸುತ್ತಿದ್ದ. ಕಲ್ಲೋಳಿಗೂ ಮೆಟಲ್ ಸಂಗೀತಕ್ಕೂ ಏನು ನಂಟು ಎಂದು ವಾಚಕರು ಹುಬ್ಬೇರಿಸಬಹುದು. ಆ ಸಂಗೀತವೂ ಹುಟ್ಟಿದ್ದು ಸಂಗೀತಶಾಲೆಯಲ್ಲಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ಊರಿನಲ್ಲಿ. 1970ರಲ್ಲಿ ಮೊದಲ ಆಲ್ಬಮ್ ತಂದ 'ಬ್ಲ್ಯಾಕ್ ಸಬ್ಬತ್' ತಂಡದ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡು, ಅದೇ ಕೈಯಿಂದ ಗಿಟಾರ್ ನುಡಿಸಿದವನು. ಬೆಂಗಳೂರಿನ 'ದ್ವೇಷ' ತಂಡ 2014ರಲ್ಲಿ 'ಸ್ತೂಪ' ಎಂಬ ಆಲ್ಬಮನ್ನು ಕನ್ನಡದಲ್ಲಿಯೇ ತಂದಿತು. ಇನ್ನು ಅಬ್ಬರದ ಮಾತೆತ್ತುವುದಾದರೆ, ಕರಡಿ ಮಜಲು ಓಣಿಯಲ್ಲಿ ಬರುವಾಗ ಎದೆಯೊಳಗೇ ಬಡಿತ ಕೇಳಿದ ಜನಕ್ಕೆ ಅಬ್ಬರ ಪರಕೀಯವಲ್ಲ.

ಹುಡುಗನ ಕಷ್ಟ ಹಾಡು ಕಟ್ಟುವುದರಲ್ಲಿರಲಿಲ್ಲ, ಹದ ಮಾಡುವುದರಲ್ಲಿತ್ತು. ಡ್ರಮ್ಮು, ಬೇಸು, ಎಡಕ್ಕೊಂದು ಬಲಕ್ಕೊಂದು ಗಿಟಾರು, ಕಂಠ—ಇವನ್ನೆಲ್ಲ ಬೇರೆಬೇರೆಯಾಗಿ ಧ್ವನಿಮುದ್ರಿಸಿ, ಆಮೇಲೆ ಯಾವುದು ಎಷ್ಟು ಕೇಳಬೇಕೆಂದು ಹೊಂದಿಸಿ ಒಂದಾಗಿಸುವುದಕ್ಕೆ ಮಿಕ್ಸ್ ಎನ್ನುತ್ತಾರೆ. ಮೆಟಲ್‌ನಲ್ಲಿ ಇದು ಬಹು ತೊಡಕಿನ ಕೆಲಸ. ಆ ಕರ್ಕಶ ಗಿಟಾರು ಮದುವೆಮನೆಗೆ ಬಂದ ದೊಡ್ಡ ಬಳಗದಂತೆ ಇದ್ದ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಕೆಳಗೆ ಉಳಿದ ಮೊಳದಗಲ ಜಾಗಕ್ಕೆ ಬೇಸೂ ದೊಡ್ಡ ಡ್ರಮ್ಮೂ ಜಗಳವಾಡುತ್ತವೆ. ಹುಡುಗ ತಿಂಗಳುಗಟ್ಟಲೆ ಕೂತು ಹದ ಮಾಡಿ, ಕಂಡಕಂಡವರಿಗೆಲ್ಲ ಕೇಳಿಸಿದ: "ಹೆಂಗ ಆಗೇತ್ರಿ ಕಾಕಾ?" ಎಲ್ಲರದೂ ಒಂದೇ ಉತ್ತರ: "ಛಲೋ ಆಗೇತಿ."

ಕಡೆಗೆ ಅವನಿಗೆ ದಾರಿ ತೋರಿಸಿದವನು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಚಾಲಕ. ಆ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಆಳೆತ್ತರದ ಸೌಂಡ್ ಬಾಕ್ಸು ಕಟ್ಟಿರುವುದನ್ನು ಕಂಡವರೇ ಬಲ್ಲರು. ಹಾಡು ಹಾಕಿ ಅರ್ಧ ನಿಮಿಷವಾಗಿರಲಿಲ್ಲ, ಆತ ಕೇಳಿದ: "ಡ್ರಮ್ ಬಡಿಯೂದ ಕೇಳವಲ್ದಲ್ಲೋ ತಮ್ಮಾ?"

ಹುಡುಗ ತಬ್ಬಿಬ್ಬಾದ. ಅವನ ಕೋಣೆಯಲ್ಲಿ ಆ ಡ್ರಮ್ಮು ಗೋಡೆ ನಡುಗಿಸುತ್ತಿತ್ತು. ಕಾರಣ ಗೋಡೆಯೇ. ಹತ್ತಡಿ ಅಗಲದ ಕೋಣೆಯಲ್ಲಿ ಸುಮಾರು 56 ಹರ್ಟ್ಸ್ ಕಂಪನದ ನಾದ ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಯ ಬಳಿ ಉಬ್ಬುತ್ತದೆ, ನಡುಮಧ್ಯದಲ್ಲಿ ಅಡಗುತ್ತದೆ. ದೊಡ್ಡ ಡ್ರಮ್ಮಿನ ತೂಕ ಇರುವುದು ಆ ಆಸುಪಾಸಿನಲ್ಲಿಯೇ. ಮೇಜನ್ನು ಗೋಡೆಗೊತ್ತಿ ಕುಳಿತವನಿಗೆ ಅದು ಅತಿಯಾಗಿ ಕೇಳಿತು, ತಗ್ಗಿಸಿದ. ಬಯಲಿಗೆ ತಂದಾಗ ಇಲ್ಲವೇ ಇಲ್ಲ. ಸಾಲದುದಕ್ಕೆ, ಜೋರಾಗಿ ಹಾಕಿಕೊಂಡು ಕೇಳುವುದು ಅವನ ಅಭ್ಯಾಸ. ಸದ್ದು ಸಣ್ಣದಾದಾಗ ನಮ್ಮ ಕಿವಿ ತಗ್ಗಿನ ನಾದವನ್ನು ಮಿಕ್ಕುದಕ್ಕಿಂತ ಹೆಚ್ಚಾಗಿ ಬಿಟ್ಟುಬಿಡುತ್ತದೆ, ದೊಡ್ಡದಾದಾಗ ತುಂಬಿಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಅಂದರೆ ಹುಡುಗ ಕೇಳುತ್ತಿದ್ದುದು ತನ್ನ ಹಾಡನ್ನಷ್ಟೇ ಅಲ್ಲ; ತನ್ನ ಗೋಡೆಯನ್ನು, ತನ್ನ ದಣಿದ ಕಿವಿಯನ್ನು ಕೂಡ.

ಗೋಡೆಗೆ ಔಷಧವುಂಟು, ಮೇಜನ್ನು ಸರಿಸಬಹುದು. ಔಷಧವಿಲ್ಲದ್ದು ಬೇರೆ. ಲೋಕದಲ್ಲಿ ಯಾರು ಬೇಕಾದರೂ ಆ ಹಾಡನ್ನು ಮೊದಲ ಸಲ ಕೇಳಬಹುದು. ಅದನ್ನು ಮಾಡಿದವನೊಬ್ಬನಿಗೆ ಮಾತ್ರ ಆ ಭಾಗ್ಯವಿಲ್ಲ. ಹಾಡು ಹಾಡಾಗುವ ಹೊತ್ತಿಗೆ ಅವನು ಅದನ್ನು ನೂರು ಸಲ ಕೇಳಿಯಾಗಿರುತ್ತದೆ. ಹತ್ತನೆಯ ಸಲ ಚುಚ್ಚಿದ ದೋಷ ಐವತ್ತನೆಯ ಸಲಕ್ಕೆ ಹಾಡಿನ ಅಂಗವೇ ಆಗಿಬಿಡುತ್ತದೆ. ಆದ್ದರಿಂದ ಅವನು "ಹೆಂಗ ಆಗೇತ್ರಿ?" ಎಂದಾಗ ಬೇಡುತ್ತಿರುವುದು ತನ್ನಲ್ಲಿ ಇಲ್ಲದ, ಎಂದೂ ಇರಲಾರದ ಒಂದು ವಸ್ತುವನ್ನು. ಅದು ಕೊಡುವವನಲ್ಲಿಯೂ ಒಂದೇ ಒಂದಿದೆ. ಎರಡನೆಯ ಸಲ ಕೇಳುವಾಗ ಅವನ ಕಿವಿಯೂ ಒಗ್ಗತೊಡಗುತ್ತದೆ.

ಹೀಗೆ ನೋಡಿದಾಗ ಆ "ಛಲೋ" ಎಂಬ ಮಾತು ಅಷ್ಟು ನಿರುಪದ್ರವಿಯಾಗಿ ಕಾಣುವುದಿಲ್ಲ. ದಾಕ್ಷಿಣ್ಯ ನಮ್ಮ ಜನದ ದೊಡ್ಡ ಗುಣ. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಸಪ್ಪಗಿದ್ದರೆ "ಚೆನ್ನಾಗಿದೆ" ಎನ್ನುವುದು ಸುಳ್ಳಲ್ಲ, ಸಂಸ್ಕೃತಿ. ಅಲ್ಲಿ ಅಡಿಗೆ ಮುಗಿದಿದೆ. ಆದರೆ ಒಲೆಯ ಮೇಲೆ ಸಾರು ಇನ್ನೂ ಕುದಿಯುತ್ತಿರುವಾಗ, ಉಪ್ಪು ನೋಡು ಎಂದು ಸೌಟು ಚಾಚಿದವಳಿಗೆ ಅದೇ ಮಾತು ಹೇಳಿದರೆ? ಅವಳು ಕೇಳಿದ್ದನ್ನು ನಾವು ಪಡೆದೂ ಆಯಿತು, ಬಚ್ಚಿಟ್ಟೂ ಆಯಿತು.

ಇದೇ ಸೀಮೆಯ ಹಳೆಯ ಆಟಗಾರರಿಗೆ ಈ ತೊಂದರೆ ಇರಲಿಲ್ಲವೆನ್ನಬೇಕು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮ ಹೆಸರು ಗಳಿಸಿದ ಶ್ರೀಕೃಷ್ಣ ಪಾರಿಜಾತ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆಟ. ಪದ ಸಪ್ಪೆಯಾದರೆ ಕಂಬಳಿ ಹೊದ್ದು ಮಲಗುವವರು ಕಣ್ಣೆದುರಿಗೇ ಇರುತ್ತಾರೆ. ನಿದ್ದೆಗೆ ದಾಕ್ಷಿಣ್ಯ ಗೊತ್ತಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಮಾಡುವವನಿಗೆ ಆ ನಿದ್ದೆಯನ್ನು ಯಾರು ತಂದುಕೊಡಬೇಕು?

ನಿಂದಕನೇ ಮೇಲು ಎನ್ನುವವರುಂಟು. ಪುರಂದರದಾಸರು ನಿಂದಕರನ್ನು ಕೇರಿ ಶುದ್ಧಮಾಡುವ ಹಂದಿಗೆ ಹೋಲಿಸಿ ಅವರ ಉಪಕಾರ ನೆನೆದಿದ್ದಾರೆ. ದಾಸರಂಥವರು ಅದನ್ನು ಜೀರ್ಣಿಸಿಕೊಂಡಾರು. ಆದರೆ ಹಾಡಿನ ಹದಕ್ಕೆ ನಿಂದಕನಿಂದ ಹೆಚ್ಚು ಪ್ರಯೋಜನವಿಲ್ಲವೆಂದೇ ನನಗೆ ತೋರುತ್ತದೆ. "ಇದೂ ಒಂದು ಹಾಡೇ? ಗಂಟಲು ಹರಿದುಕೊಂಡಂತಿದೆ" ಎಂದು ಹುಡುಗನ ಮನೆಯ ಹಿರಿಯರೊಬ್ಬರು ಹೇಳಿದರು. ಅವರು ಭೀಮಸೇನ ಜೋಶಿಯವರ ಅಭಂಗ ಕೇಳಿ ಬೆಳೆದವರು, ಅವರ ಕಿವಿ ಸುಳ್ಳಾಡುವುದಿಲ್ಲ. ಆದರೆ ಆ ಉತ್ತರ ಈ ಪ್ರಶ್ನೆಯದಲ್ಲ. ಗಂಟಲು ಹರಿಯಬೇಕೆಂಬುದೇ ಹುಡುಗನ ಉದ್ದೇಶ. ಹರಿದ ಗಂಟಲು ಗಿಟಾರಿನಡಿ ಹೂತುಹೋಗಿದೆಯೇ ಎಂಬುದು ಅವನ ಪ್ರಶ್ನೆ. ಹೋಳಿಗೆ ಮಾಡುವವಳಿಗೆ ನನಗೆ ಸಿಹಿ ಸೇರದು ಎಂದರೆ ಅವಳೇನು ಮಾಡಿಯಾಳು? ಟ್ರ್ಯಾಕ್ಟರಿನವನಿಗೂ ಮೆಟಲ್ ಎಂದರೇನೆಂದು ಗೊತ್ತಿರಲಿಲ್ಲ. ಆದರೂ ಅವನು ತನ್ನ ರುಚಿಯನ್ನು ಪಕ್ಕಕ್ಕಿಟ್ಟು, ತನ್ನ ಕಿವಿಗೆ ಬಿದ್ದದ್ದನ್ನೂ ಬೀಳದ್ದನ್ನೂ ಹೇಳಿದ.

ಕೇಳುವವನ ಕಡೆಯ ಕಳ್ಳತನವೂ ಇಲ್ಲದಿಲ್ಲ. ಹಾಡು ಹಾಕುವ ಮೊದಲೇ "ಇನ್ನೂ ಪೂರ್ತಿ ಆಗಿಲ್ರಿ, ಬೇಸ್ ಸ್ವಲ್ಪ ಕಮ್ಮಿ ಐತಿ" ಎಂದು ಪೀಠಿಕೆ ಹಾಕುವವನು ಎದುರಿನವನ ಕಿವಿಯನ್ನು ತನ್ನದರ ಹಾಗೆ ತಿದ್ದಿಟ್ಟುಕೊಂಡೇ ಪರೀಕ್ಷೆಗೆ ಕೂರುತ್ತಾನೆ. ಇನ್ನು ಕೆಲವರಿಗೆ ಬೇಕಾದದ್ದು ಅಭಿಪ್ರಾಯವೇ ಅಲ್ಲ, ಆಶೀರ್ವಾದ. ಅದನ್ನು ಬೇಡುವುದು ತಪ್ಪಲ್ಲ. ಅಭಿಪ್ರಾಯದ ಹೆಸರಿನಲ್ಲಿ ಬೇಡಬಾರದು, ಅಷ್ಟೆ.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ, ಕಿವಿಯನ್ನು ಕಡ ತಂದಮೇಲೆ ಅದು ಹೇಳಿದಂತೆ ನಡೆಯಬೇಕೇ ಎಂಬುದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದ 'ಮೆಟಾಲಿಕಾ' ತಂಡದ ಕಥೆಯೊಂದಿದೆ. 1986ರಲ್ಲಿ ಅವರ ಬೇಸ್ ವಾದಕ ಕ್ಲಿಫ್ ಬರ್ಟನ್ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ. ಆ ಜಾಗಕ್ಕೆ ಬಂದವನು ಜೇಸನ್ ನ್ಯೂಸ್ಟೆಡ್. 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮಿನಲ್ಲಿ ಅವನ ಬೇಸು ಕಿವಿಗೆ ಬೀಳುವುದೇ ಇಲ್ಲವೆನ್ನಬಹುದು. ಬೇಸ್ ತಗ್ಗಿಸಲು ಹೇಳಿದವರು ತಂಡದವರು, ತನಗೆ ಅದು ಒಪ್ಪಿಗೆಯಿರಲಿಲ್ಲ ಎಂದು ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಮುಂದೆ ಹೇಳಿಕೊಂಡಿದ್ದಾನೆ. ಹೊಸ ಕಿವಿ ಇತ್ತು, ಅದು ಬಾಯಿಬಿಟ್ಟೂ ಹೇಳಿತು. ಹಾಡಿದವರು ಒಪ್ಪಲಿಲ್ಲ. ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು; ಆ ಒಣಗಿದ, ಎಲುಬಿನಂಥ ನಾದವೇ ತಮಗೆ ಪ್ರಿಯವೆನ್ನುವವರು ಇಂದಿಗೂ ಇದ್ದಾರೆ.

2018ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಹೊರತಂದಾಗ, ಈಗಲಾದರೂ ಬೇಸ್ ಏರಿಸುವರೆಂದು ಅನೇಕರು ಕಾದಿದ್ದರು. ತಂಡದವರು ಏರಿಸಲಿಲ್ಲ, ಅದು ಆ ಕಾಲದ ತಮ್ಮ ಚಿತ್ರ, ಹಾಗೆಯೇ ಇರಲಿ ಎಂಬುದು ಅವರ ನಿಲುವು. ಅದಕ್ಕೆ ಎಷ್ಟೋ ಮೊದಲೇ ಕೆಲವು ಅಭಿಮಾನಿಗಳು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಬೇಸನ್ನು ತಾವೇ ಮೇಲೆತ್ತಿ, ಆಲ್ಬಮಿನ ಹೆಸರಿನಲ್ಲಿದ್ದ 'ಆಲ್' ಎಂಬ ಮಾತನ್ನು ತೆಗೆದು 'ಜೇಸನ್' ಎಂದು ಸೇರಿಸಿ ಹಂಚಿಕೊಂಡಿದ್ದರು.