ಸಾಕು ಎನ್ನುವವರು ಯಾರು?

2024ರ ಜನವರಿ 27, ಶನಿವಾರದ ಇಳಿಹೊತ್ತು. ತವರುಮನೆ ಮೇಡ್ಲೇರಿಗೆ ಹೋಗಿದ್ದೆ. ಟಿ.ವಿ.ಯಲ್ಲಿ ಕೊಡಗಿನ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಬೋಪಣ್ಣನವರಿಗೆ ಆಗ 43 ವರ್ಷ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ಅತ್ತಿಗೆ, "ಈ ವಯಸ್ಸಿನ್ಯಾಗೂ ಆಡತಾನಲ್ಲ, ಮನ್ಯಾಗ ಯಾರೂ ಏನೂ ಅನ್ನಂಗಿಲ್ಲೇನು?" ಅಂದಳು. ನಾನು ನಕ್ಕೆ. ಮಗುವಿಗೆ ಅನ್ನ ಕಲಸುತ್ತಿದ್ದ ಅವಳ ಮಗಳು ನಗಲಿಲ್ಲ.

ಆ ಹುಡುಗಿ ಹೈಸ್ಕೂಲಿನಲ್ಲಿ ಖೋಖೋ ಆಡುತ್ತಿದ್ದವಳು. ತಾಲ್ಲೂಕು ಗೆದ್ದು ಹಾವೇರಿಯವರೆಗೆ ಹೋಗಿ ಕಪ್ಪು ತಂದಿದ್ದಳು. ಪಿಯುಸಿ ಮುಗಿದಾಗ "ಇನ್ನ ಸಾಕು" ಅಂದವರು ಅಪ್ಪ ಅವ್ವ ಅಲ್ಲ, ನಾನು. ರಾಣೆಬೆನ್ನೂರಿನಲ್ಲಿದ್ದು ನಾಲ್ಕಕ್ಷರ ಕಲಿತವಳೆಂದು ನನ್ನ ಮಾತಿಗೆ ಆ ಮನೆಯಲ್ಲಿ ತೂಕ ಹೆಚ್ಚು. "ಆಟ ಅನ್ನ ಹಾಕತದೇನ?" ಎಂದು ಕೇಳಿದ್ದೆ.

ಕೇಳಿದ್ದು ಸುಳ್ಳೇನಲ್ಲ ನೋಡಿ. ಟೆನಿಸ್‌ನಂಥ ಸಿರಿವಂತ ಆಟದಲ್ಲೂ ಅದೇ ಪ್ರಶ್ನೆ ಬರುತ್ತದೆ. ಜೂನಿಯರ್ ಪಂದ್ಯಗಳಿಗೆ 18 ವರ್ಷದ ಬೇಲಿಯಿದೆ. ಬೇಲಿಯ ಒಳಗೆ ಎದುರಾಳಿ ನಮ್ಮ ವಾರಿಗೆಯವರೇ. ಹೊರಗೆ ಕಾಲಿಟ್ಟ ದಿನ, ಹತ್ತು ವರ್ಷ ಪಳಗಿದ ಗಂಡಸು ಎದುರು ನಿಂತಿರುತ್ತಾನೆ. ವೃತ್ತಿಪರರ ಮೊದಲ ಮೆಟ್ಟಿಲಿನ ಟೂರ್ನಿಯಲ್ಲಿ ಎಲ್ಲರಿಗೂ ಸೇರಿ ಬಹುಮಾನ 15 ಸಾವಿರ ಡಾಲರ್. ವಿಮಾನ, ಊಟ, ಕೋಚು, ಎಲ್ಲ ಆಟಗಾರನದೇ ಖರ್ಚು. ಸುಮಿತ್ ನಾಗಲ್ 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದ ಹುಡುಗ, 2017ರಲ್ಲಿ ಬೆಂಗಳೂರಿನ ಚಾಲೆಂಜರ್ ಟೂರ್ನಿಯನ್ನೂ ಗೆದ್ದ. ದೇಶದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದಾಗಲೇ, 2023ರಲ್ಲಿ, ತನ್ನ ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೋ ಎಂದು ಹೇಳಿಕೊಂಡ. ನಮ್ಮ ಲೆಕ್ಕದಲ್ಲಿ ಸುಮಾರು 80 ಸಾವಿರ ರೂಪಾಯಿ. ಯಾವ ತಾಯಿ ಹೆದರುವುದಿಲ್ಲ ಹೇಳಿ?

ಬೋಪಣ್ಣನವರನ್ನೇ ತೆಗೆದುಕೊಳ್ಳಿ. ಡೇವಿಸ್ ಕಪ್ ಆಡಿದ್ದು 2002ರಲ್ಲಿ, 22ನೇ ವಯಸ್ಸಿಗೆ. ಗ್ರ್ಯಾನ್‌ಸ್ಲಾಮ್ ಫೈನಲ್ ಮೊದಲು ಕಂಡಿದ್ದು 2010ರಲ್ಲಿ, ಅದೂ ಸೋತು. ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ 2017ರಲ್ಲಿ, ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಆಗ 37. ಇವರು ನಮ್ಮ ಪಡಸಾಲೆಯಲ್ಲಿ ಬೆಳೆದಿದ್ದರೆ 25ಕ್ಕೇ ನಾನು ಬುದ್ಧಿ ಹೇಳಿ ಕೂರಿಸುತ್ತಿದ್ದೆ.

ಹಾಗೆಂದು ಗೆದ್ದವರನ್ನು ತೋರಿಸಿ ನನ್ನನ್ನು ನಾನು ಬೈದುಕೊಳ್ಳುವುದೂ ಸರಿಯಲ್ಲ. ಇಪ್ಪತ್ತಕ್ಕೇ ಸೋತು ಊರಿಗೆ ಮರಳಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಖೋಖೋ ಆಡಿ ನಮ್ಮ ಹುಡುಗಿ ಏನಾಗುತ್ತಿದ್ದಳೋ ನಾನರಿಯೆ. ನನ್ನನ್ನು ಚುಚ್ಚುವುದು ಬೇರೆ. ಅದೇ ಮನೆಯಲ್ಲಿ ಅವಳ ಅಣ್ಣ ಸರಕಾರಿ ನೌಕರಿಯ ಪರೀಕ್ಷೆಗೆಂದು ನಾಲ್ಕು ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡಿದ್ದ. ನೌಕರಿ ಬರಲಿಲ್ಲ. ಅವನನ್ನು ಯಾರೂ, ನಾನೂ, ಅನ್ನದ ಲೆಕ್ಕ ಕೇಳಲಿಲ್ಲ. ಅವನಿಗೆ ಸೋಲಲು ನಾಲ್ಕು ವರ್ಷ ಕೊಟ್ಟೆವು. ಅವಳಿಗೆ ಒಂದು ಬೇಸಿಗೆ ರಜೆಯನ್ನೂ ಕೊಡಲಿಲ್ಲ. ಆಟಕ್ಕೆ 18ರ ಬೇಲಿ ಹಾಕಿದವರು ಆಚೆಗೊಂದು ಮೈದಾನವನ್ನಾದರೂ ಇಟ್ಟಿದ್ದಾರೆ. ನಾವು ಇಟ್ಟಿದ್ದು ಗಂಡು ನೋಡುವ ಮಾತು.

ಆ ರಾತ್ರಿ ಪಾತ್ರೆ ತೊಳೆಯುವಾಗ ಅವಳನ್ನು ಕೇಳಿಯೇಬಿಟ್ಟೆ, "ನನ್ನ ಮ್ಯಾಲೆ ಸಿಟ್ಟದಯೇನ?" ಅಂತ.

"ಸಿಟ್ಟೇನಿಲ್ಲ ಅತ್ತಿ. ಆಗ ನನ್ನ ಕೇಳಿದ್ರ ನಾನೂ ಬ್ಯಾಡ ಅಂತಿದ್ನೇನೋ. ಯಾರೂ ಕೇಳಲಿಲ್ಲ ಅಷ್ಟ."

2025ರ ನವೆಂಬರಿನಲ್ಲಿ, 45ರ ಬೋಪಣ್ಣ ನಿವೃತ್ತಿ ಹೇಳಿದ ಸುದ್ದಿ ಓದಿದೆ. ತಾವೇ ಸಾಕು ಅಂದಿದ್ದರು. ಮೇಡ್ಲೇರಿಗೆ ಫೋನು ಮಾಡಿ ಅವಳಿಗೆ ತಿಳಿಸಿದೆ. "ಹೌದಾ" ಅಂದಳು. ಹಿಂದಿನಿಂದ ಮಗಳು ಅಂಗಳದಲ್ಲಿ ಓಡುವ ಸದ್ದು, "ಬಿದ್ದೀ, ಸಾಕು ಬಾ" ಎಂದು ಅತ್ತಿಗೆ ಕೂಗುವುದು ಕೇಳಿಸುತ್ತಿತ್ತು. "ಇರಲಿ ಬಿಡವ್ವಾ, ಆಡಲಿ" ಎಂದು ಇವಳು ಫೋನು ಕಿವಿಗಿಟ್ಟುಕೊಂಡೇ ಹೇಳಿದಳು.