ಕೂಸು ಅತ್ತರೆ ಗಾಡಿ ನಿಲ್ಲಬೇಕೋ ಬೇಡವೋ

ಸಣ್ಣ ಮಕ್ಕಳನ್ನು ಕರಕೊಂಡು ದೂರದ ಊರಿಗೆ ಹೋಗುವುದು ಸರಿಯೋ ತಪ್ಪೋ ಅನ್ನುವ ಮಾತು ನಮ್ಮ ಕಟ್ಟೆಯ ಮೇಲೆ ಆಗಾಗ ಬರುತ್ತದೆ. ಹಲ್ಲು ಮೂಡುವ ತನಕ ಕೂಸಿಗೆ ಊರ ಸೀಮಿ ದಾಟಿಸಬಾರದು ಅಂತ ಹಿರಿಯ ಹೆಣ್ಣುಮಕ್ಕಳು ಅಂತಾರೆ. ಈಗೇನು, ರಸ್ತಾ ಅದಾವ, ಗಾಡಿ ಅದಾವ, ದವಾಖಾನಿ ಅದಾವ, ಏನಾಗ್ತದ ಅಂತ ಹರೇದವರು ಅಂತಾರೆ. ಇಬ್ಬರೂ ಹವಾದ ಮಾತು, ಜಡ್ಡಿನ ಮಾತು, ಗಾಡಿಯ ಮಾತು ಆಡುತ್ತಾರೆ. ನನಗೆ ಕಾಡುವುದು ಬೇರೆ. ದೇವರಿಗೆ ಹರಕೆ ಹೊತ್ತವರು ದೊಡ್ಡವರು. ಜವಳ ತೆಗೆಸಬೇಕು ಅಂದವರು ದೊಡ್ಡವರು. ಊರು ನೋಡಬೇಕು, ಫೋಟೋ ಹೊಡಕೋಬೇಕು ಅಂದವರೂ ದೊಡ್ಡವರೇ. ಕೂಸು ಏನೂ ಕೇಳಿಲ್ಲ. ಆದರೂ ಧೂಳು, ಬಿಸಿಲು, ನಿದ್ದಿಗೇಡು ಅದರ ಪಾಲಿಗೆ ಬರುತ್ತವೆ. ಏನೂ ಕೇಳದವರ ಮೇಲೆ ನಮ್ಮ ಪಯಣ ಹೇರುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಈ ವಿಚಾರ ನನ್ನ ತಲೆ ಹೊಕ್ಕದ್ದು ಒಂದು ಗಾಡಿಯ ದೆಸೆಯಿಂದ. ಮಗ ಪುಣೆಯಲ್ಲಿ ದುಡಿಯುತ್ತಾನೆ. ಅವನಿಗೆ ಎರಡು ಮಕ್ಕಳು. ದೊಡ್ಡದಕ್ಕೆ 4 ವರ್ಷ, ಸಣ್ಣದಕ್ಕೆ 11 ತಿಂಗಳು. ಸಣ್ಣದರ ಜವಳ ಚಿಂಚಲಿ ಮಾಯಕ್ಕನ ಹತ್ತಿರ ತೆಗೆಸಬೇಕು, ಹಂಗೇ ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿ, ಕೂಡಲಸಂಗಮ ಮಾಡಿಕೊಂಡು ಬರಬೇಕು ಅಂತ ಮನಿಮಂದಿಯ ಲೆಕ್ಕ. ಮಗ ಅಂದ, "ಅಪ್ಪಾ, ಈಗ ಮಲಗೋ ಗಾಡಿ ಬಂದಾವ. ಒಳಗ ಹಾಸಿಗಿ, ಒಲಿ, ಪಾಯಖಾನಿ ಎಲ್ಲಾ ಇರ್ತದ. ಕ್ಯಾಂಪರ್ ವ್ಯಾನ್ ಅಂತಾರ. ಹುಡುಗರಿಗೆ ತ್ರಾಸ ಆಗೂದಿಲ್ಲ." ಸಿನಿಮಾದವರಿಗೆ ಇರುತ್ತದಲ್ಲ, ಅಂಥದು. ನಮ್ಮ ಮಹಾರಾಷ್ಟ್ರ ಸರಕಾರ, ಆ ಕಡೆ ಕೇರಳ ಸರಕಾರ ಇಂಥ ಗಾಡಿಗಳ ಪ್ರವಾಸಕ್ಕೆ ಅಂತಲೇ 2021ರಲ್ಲಿ ಧೋರಣೆ ಮಾಡಿದವು. ಸರಕಾರದ ಕಾಗದದ ಮೇಲೆ ಇದೆ ಅಂದಮೇಲೆ ಸಿಕ್ಕೇ ಸಿಗುತ್ತದೆ ಅಂತ ಹುಡುಗ ತಿಳಕೊಂಡ.

ಮೂರು ತಿಂಗಳು ಹುಡುಕಿದ. ಒಬ್ಬರ ಹತ್ತಿರ ಗಾಡಿ ಇದ್ದರೆ ತಾರೀಖು ಇಲ್ಲ, ತಾರೀಖು ಇದ್ದವರು ಅನಾಮತ್ತು ರೊಕ್ಕಕ್ಕೆ ಬಾಯಿ ತೆಗೆದರು. ದಿನದ ಬಾಡಿಗಿ ಕೇಳಿದರೆ ನಮ್ಮೂರಲ್ಲಿ ಒಬ್ಬ ಆಳಿನ ತಿಂಗಳ ಪಗಾರ. ಅದರ ಮೇಲೆ ಡೀಸೆಲ್ಲು, ಡ್ರೈವರನ ಭತ್ತೆ, ಟೋಲು, ಕರ್ನಾಟಕದೊಳಗೆ ಹೋಗಲಿಕ್ಕೆ ಪರ್ಮಿಟ್ಟು. ಓಡಲಿ ಬಿಡಲಿ, ದಿನಕ್ಕೆ 300 ಕಿಲೋಮೀಟರಿನ ರೊಕ್ಕ ಕೊಡಲೇಬೇಕು. ಒಬ್ಬರಂತೂ ಮುಂಗಡ ತಗೊಂಡು, ಹೊರಡಲಿಕ್ಕೆ ಎಂಟು ದಿನ ಉಳಿದಾಗ, ಗಾಡಿ ಗ್ಯಾರೇಜಿನಲ್ಲಿದೆ ಅಂದರು. ಸೊಸಿ ಚೀಲ ತುಂಬಿ ಇಟ್ಟಿದ್ದಳು. ಕಡೆಗೆ ಮಗ, ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡು ಸೀಟು ಕಿತ್ತು ಹಾಸಿಗಿ ಕೂಡಿಸೋಣ ಅಂದ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೆ ಅಡ್ಡ ಬಂತು. ಕಂಪನಿಯವರು ಮಾಡಿದ ಗಾಡಿಯನ್ನು ನಮ್ಮ ಮನಸ್ಸಿಗೆ ಬಂದಂಗ ಬದಲಿ ಮಾಡುವಂತಿಲ್ಲ. ಈ ಕಲಮು ಇರಬೇಕಾದದ್ದೇ ಅಂತ ನನ್ನ ಮತ. ಸೀಟು ಕಿತ್ತ ಗಾಡಿಯಲ್ಲಿ ಗ್ಯಾಸಿನ ಒಲಿ ಇಟ್ಟು, ಅದರ ಬಾಜೂಕ ಕೂಸು ಮಲಗಿಸಿ ಓಡಿಸಿದರೆ ದೇವರೂ ಕಾಯಲಿಕ್ಕಿಲ್ಲ.

ಆದರೆ ನನ್ನ ತಲೆಯಲ್ಲಿ ಕುಂತದ್ದು ಆ 300 ಕಿಲೋಮೀಟರಿನ ಮಾತು. ರೊಕ್ಕ ಕೊಟ್ಟ ಮೇಲೆ ಓಡಿಸಲೇಬೇಕು ಅನಿಸುತ್ತದೆ. ಕೂಸು ಅತ್ತರೆ, ಇನ್ನೊಂದು ತಾಸು ತಡಿ ಅಂತ ಬಾಯಿಗೆ ಬಾಟಲಿ ಇಡುತ್ತೇವೆ. ಹಾಸಿಗಿ ಮೆತ್ತಗ ಇರುತ್ತದೆ ಖರೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಕೂಸಿಗೆ ಬೇಕಾದದ್ದು ತಾಯಿಯ ತೊಡಿ, ನೆರಳು, ಮೈ ಹಿಡಕೊಂಡಾಗ ಒಂದೀಟು ನೆಲದ ಮೇಲೆ ಬಿಡುವುದು. ಒಲಿ, ಫ್ರಿಜ್ಜು, ಮೆತ್ತನ ಗಾದಿ ಬೇಕಾದದ್ದು ನಮಗೆ. ಮಕ್ಕಳ ಹೆಸರು ಹೇಳಿ ದೊಡ್ಡವರು ತಮ್ಮ ಮನಿ ಹೊತ್ತುಕೊಂಡು ಹೊಂಟಂಗ ಆಯಿತು.

ನಾನು ಹಿಂಗ ಅಂದಾಗ ಸೊಸಿ ಬಿಡಲಿಲ್ಲ. "ಮಾವಾರ, ನೀವು ಗಂಡಸರು ಗಿಡದ ಮರಿಗೆ ಹೋಗ್ತೀರಿ. ಕಂಕುಳಾಗ ಕೂಸು ಇಟಗೊಂಡು ನಾ ಎಲ್ಲಿ ಹೋಗ್ಲಿ? ಸ್ಟ್ಯಾಂಡಿನಾಗ ನೂರು ಮಂದಿ ನಡುವ ಹಾಲು ಹ್ಯಾಂಗ ಕುಡಿಸ್ಲಿ?" ಅಂದಳು. ಇದಕ್ಕೆ ನನ್ನ ಹತ್ತಿರ ಜವಾಬು ಇಲ್ಲ. ತಾಯಿಗೆ ತ್ರಾಸ ಆದರೆ ಅದು ಕೂಸಿಗೂ ಆದಂಗೇ. ಗಾಡಿಯೊಳಗೊಂದು ಬಾಗಿಲು ಇರಬೇಕು ಅಂತ ತಾಯಿ ಕೇಳಿದರೆ ಅದಕ್ಕೆ ಚೈನಿ ಅನ್ನಬಾರದು.

ಹಿಂದೆ ನಮ್ಮ ಭಾಗದಿಂದ ಭಾರತ ಹುಣ್ಣಿಮೆಗೆ ಚಿಂಚಲಿಗೆ ಚಕ್ಕಡಿ ಹೂಡುತ್ತಿದ್ದರು. ಈಗಲೂ ಹೂಡುವವರು ಇದ್ದಾರೆ. ಮೇಲೆ ಕೊಲ್ಲಾರಿ ಕಟ್ಟಿ, ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಗಂಟು. ಕೊಲ್ಲಾರಿಯ ಗಳಕ್ಕೆ ಸೀರಿಯ ಜೋಳಿಗಿ ಕಟ್ಟಿ ಕೂಸು ಮಲಗಿಸುವುದು. ಅದೂ ಗಾಲಿಯ ಮೇಲಿನ ಮನಿಯೇ. ಹಳೇದೆಲ್ಲಾ ಚೊಲೋ ಅಂತ ಹಾಡಲಿಕ್ಕೆ ನಾನು ಕುಂತಿಲ್ಲ, ಆ ಹಾಡು ಹಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಮೈಕೈ ನುಗ್ಗಾಗುತ್ತಿತ್ತು. ನಡುದಾರಿಯಲ್ಲಿ ಕೂಸಿಗೆ ಜ್ವರ ಬಂದರೆ ದವಾಖಾನಿ ಒಂದು ದಿನದ ಹಾದಿ. ಆದರೆ ಎತ್ತು ದಣಿಯುತ್ತವೆ, ಎತ್ತಿಗೆ ನೀರು ಬೇಕು. ಹಳ್ಳ ಬಂದಲ್ಲಿ ಕೊಳ್ಳು ಹರಿಯಲೇಬೇಕು. ಎತ್ತಿನ ಹೆಸರಿನ ಮೇಲೆ ಕೂಸೂ ಇಳಿದು ಮಣ್ಣಿನಲ್ಲಿ ಹೊರಳಾಡುತ್ತಿತ್ತು. ನಾನು ಡೊಳ್ಳಿನ ಹಾಡು ಕಲಿತದ್ದು ಕುರಿಗಾರರಿಂದ. ಅವರು ಇವತ್ತಿಗೂ ಕುದುರಿಯ ಮೇಲೆ ಕೌದಿ, ಪಾತ್ರಿ, ಕೋಳಿ, ಈಗ ಹುಟ್ಟಿದ ಕುರಿಮರಿ, ಅದರ ಬಾಜೂಕ ತಮ್ಮ ಕೂಸು ಕುಂಡ್ರಿಸಿಕೊಂಡು ಊರೂರು ತಿರುಗುತ್ತಾರೆ. ಅವರ ಹುಡುಗರಿಗೆ ಬಿಸಿಲು ತಪ್ಪಿಲ್ಲ, ಸಾಲಿ ತಪ್ಪಿದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಕುರಿ ನಡೆದಷ್ಟೇ ಹಾದಿ. ಮರಿ ನಿಂತರೆ ತಾಯಿ ನಿಂತಿತು, ತಾಯಿ ನಿಂತರೆ ಹಿಂಡು ನಿಂತಿತು.

ಇದರಿಂದ ನನಗೆ ತಿಳಿದದ್ದು ಇಷ್ಟು. ಕೂಸನ್ನು ಕರಕೊಂಡು ಹೋಗುವುದು ತಪ್ಪಲ್ಲ. ಅದು ಬಾಯಿ ಇಲ್ಲದೇ "ನಿಲ್ಲು" ಅಂದಾಗ ನಿಲ್ಲಿಸುವ ಸತ್ತಾ ತಾಯಿ-ತಂದಿಯ ಕೈಯಲ್ಲಿ ಇರಬೇಕು. ಆ ಸತ್ತಾ ಮಾರಿಕೊಂಡು ಹೊರಟರೆ ಗಾಡಿ ಎಷ್ಟು ಚಂದ ಇದ್ದರೂ ಅದು ಹೇರಿಕಿ. ಎಸ್‌ಟಿ ಬಸ್ಸಿನಲ್ಲಿ, ರೇಲ್ವೆಯಲ್ಲಿ 5 ವರ್ಷದೊಳಗಿನ ಕೂಸಿಗೆ ಟಿಕೀಟು ಇಲ್ಲ. ಟಿಕೀಟು ಇಲ್ಲ ಅಂದರೆ ಜಾಗಾನೂ ಇಲ್ಲ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ಅನ್ನುವ ಗಾಡಿಯಲ್ಲಿ ತಾಯಿಯ ಬರ್ತಿಗೆ ಜೋಡಿಸಿ ಕೂಸಿನ ಸಣ್ಣ ಬರ್ತು ಇಟ್ಟು ನೋಡಿದ್ದರು. ರೇಲ್ವೆ ಬಂದು ನೂರಾ ಎಪ್ಪತ್ತು ವರ್ಷದ ಹತ್ತಿರ ಆದ ಮೇಲೆ ಯಾರಿಗೋ ಕೂಸಿನ ನೆನಪಾಯಿತು.

ಮಗ ಕಡೆಗೆ ಮಲಗುವ ಗಾಡಿಯ ನಾದ ಬಿಟ್ಟ. ಸವದತ್ತಿ, ಬಾದಾಮಿ, ಸಂಗಮ ಎಲ್ಲಾ ಬಿಟ್ಟು ಚಿಂಚಲಿ ಒಂದೇ ಇಟ್ಟುಕೊಂಡ. ಪುಣೆಯಿಂದ ಮೀರಜ ತನಕ ರೇಲ್ವೆ, ಮೀರಜದಲ್ಲಿ ಬೀಗರ ಮನಿಯೊಳಗೆ ಎರಡು ರಾತ್ರಿ ವಸ್ತಿ, ಅಲ್ಲಿಂದ ಬೆಳಗಾವಿ ದಾರಿಯ ಗಾಡಿ ಹಿಡಿದರೆ ಚಿಂಚಲಿ ಸ್ಟೇಶನ್. ಎಲ್ಲಮ್ಮನಿಗೆ ಸಿಟ್ಟು ಬರ್ತದೇನು ಅಂತ ಮನಿಯಾಕಿ ಕೇಳಿದಳು. ಏಳು ಕೊಳ್ಳ ದಾಟಿ ಕುಂತ ತಾಯಿ ಅಕಿ, ಕೂಸಿಗೆ ಕಾಲು ಬರೂತನಕ ಕಾಯ್ತಾಳ ಅಂತ ನಾ ಅಂದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ದೀಪಾವಳಿ ಮುಂದೆ ಹಿಂದೆ ನಮ್ಮ ರಸ್ತೆಯ ಮೇಲೆ ರಾತ್ರಿ ನಿಂತು ನೋಡಿರಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಮೇಲೆ ಗುಡಿಸಲಿನ ಗಳ, ತಾಡಪತ್ರಿ, ಕೊಡ, ಒಲಿ, ಕೋಳಿ, ಆಡು, ಅದರ ನಡುವ ಮಕ್ಕಳು. ಬೀಡ ಜಿಲ್ಲೆಯವರು, ನಮ್ಮ ಜತ್ತ ತಾಲೂಕಿನವರೂ ಕಬ್ಬು ಕಡಿಯಲಿಕ್ಕೆ ಹೊಂಟದ್ದು. ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ ಅಂತ ಲೆಕ್ಕ, ಆ ಕೊಯ್ತಾದ ಮೇಲೆ ಮುಕಾದಮನಿಂದ ಮೊದಲೇ ಉಚಲ ತಗೊಂಡಿರುತ್ತಾರೆ. ಆ ರೊಕ್ಕ ಮಳಿಗಾಲದಲ್ಲೇ ಕರಗಿರುತ್ತದೆ. ಮುಂದೆ ಐದಾರು ತಿಂಗಳು ಅವರಿಗೂ ಗಾಲಿಯ ಮೇಲೆ ಮನಿ. ಪುಣೆಯವರು ರೊಕ್ಕ ಕೊಟ್ಟು ಹುಡುಕುವುದು, ಇವರಿಗೆ ಬ್ಯಾಡಂದರೂ ಬಿಡುವುದಿಲ್ಲ. ಟ್ರಾಲಿಯ ಮೇಲಿನ ತಾಯಿ ಗಾಡಿ ನಿಲ್ಲಿಸು ಅಂದರೆ ಡ್ರೈವರ ಕೇಳುವುದಿಲ್ಲ. ಡ್ರೈವರ ಕೇಳಿದರೂ ಫ್ಯಾಕ್ಟರಿಯ ಪಾಳಿ ಕೇಳುವುದಿಲ್ಲ. ಇನ್ನೂ ಕತ್ತಲಿದ್ದಾಗ ಅಕಿ ಕೊಯ್ತಾ ಹಿಡಿದು ಫಡಕ್ಕೆ ಇಳಿಯುತ್ತಾಳೆ, ಕೂಸು ಬದುವಿನ ಮೇಲೆ ಸೋಗಿಯ ನೆರಳಿಗೆ. ಕಾಯಲಿಕ್ಕೆ ಆರೇಳು ವರ್ಷದ ಅಕ್ಕ.

ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬರಲಿಕ್ಕೆ ಏನಾಗ್ತದ, ಸರಕಾರದ ಹಂಗಾಮಿ ವಸತಿಗೃಹ ಅದಾವಲ್ಲ ಅಂತ ಹೇಳುವವರು ಇದ್ದಾರೆ. ಅಜ್ಜಿಯೂ ಕಡಿಯಲಿಕ್ಕೆ ಬಂದಿರುತ್ತಾಳೆ, ಇಲ್ಲಾ ಅಜ್ಜಿಯನ್ನೇ ನೋಡುವವರು ಇರುವುದಿಲ್ಲ. ಮೊಲಿ ಕುಡಿಯುವ ಕೂಸನ್ನು ಯಾವ ವಸತಿಗೃಹದಲ್ಲಿ ಇಡುತ್ತೀರಿ? ಮೈಸಾಳ ಯೋಜನೆಯ ನೀರು ಬಂದ ಮೇಲೆ ನಮ್ಮ ತಾಲೂಕಿನಲ್ಲೂ ಅಲ್ಲಲ್ಲಿ ಕಬ್ಬು ಬಂದಿದೆ. ಟೋಳಿ ಯಾವಾಗ ಬರ್ತದ, ತೂಕ ಎಷ್ಟು ಬೀಳ್ತದ ಅನ್ನುವುದೇ ನಮಗೆ ಚಿಂತಿ. ಆ ತಾಯಿ ನಿಲ್ಲಿಸಲಾರದ ಗಾಡಿಯನ್ನು ಎಲ್ಲರೂ ಕೂಡಿ ಓಡಿಸುವವರೇ, ಕಬ್ಬು ಹಚ್ಚಿದವರು, ಫ್ಯಾಕ್ಟರಿ, ಚಾದಲ್ಲಿ ಸಕ್ಕರಿ ಹಾಕಿಕೊಳ್ಳುವವರು. ಉಚಲ ತೀರಿಸುವುದು ನಮ್ಮ ಕೈಯಲ್ಲಿಲ್ಲ. ಬದುವಿನ ಮೇಲೆ ಒಂದು ನೆರಳು, ಕುಡಿಯುವ ನೀರು, ಹಾಲು ಕುಡಿಸಲಿಕ್ಕೆ ತಾಯಿಗೆ ನಡುನಡುವ ಪುರುಸೊತ್ತು, ಇವು ಹೊಲದವನ ಕೈಯಲ್ಲಿ ಇದಾವೆ. ಅಷ್ಟನ್ನೂ ಕೊಡದವನು ಕೂಸಿನ ತಂದಿ-ತಾಯಿಗೆ ಬುದ್ಧಿ ಹೇಳಬಾರದು.

ಹೋದ ಹಂಗಾಮಿನಲ್ಲಿ ನಮ್ಮ ವಸ್ತಿಯ ಹತ್ತಿರ ಇಳಿದ ಟೋಳಿಯಲ್ಲಿ ಏಳು ಮಕ್ಕಳು ಇದ್ದವು. ನಮ್ಮ ಕನ್ನಡ ಸಾಲಿಯ ಮಾಸ್ತರರು ತಾವೇ ಹೋಗಿ ಕರೆದರು. ಮಕ್ಕಳದು ಬೀಡ ಕಡೆಯ ಮರಾಠಿ, ಹಲಗಿಯ ಮೇಲೆ ಕನ್ನಡ. ಆದರೂ ನಾಲ್ಕು ದಿನ ಬಂದು ಕುಂತರು, ಊಟ ಮಾಡಿದರು, ಸಣ್ಣವಳೊಬ್ಬಳು ತೊಡಿಯ ಮೇಲೆ ತಮ್ಮನ್ನ ಹಾಕಿಕೊಂಡೇ ಅ ಆ ತಿದ್ದಿದಳು. ಐದನೇ ದಿನ ಫಡ ತೀರಿತು. ರಾತ್ರಿಯೇ ಟ್ರ್ಯಾಕ್ಟರ್ ಬಂತು.